ಶೇಕ್ಸ್‌ಪಿಯರ್: ಮಕ್ಕಳಿಗೆ ಮೊದಲು ಕಥೆಯೋ, ನಾಟಕವೋ?

1807ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಬರೆದ 'ಟೇಲ್ಸ್ ಫ್ರಮ್ ಶೇಕ್ಸ್‌ಪಿಯರ್' ಅಚ್ಚಾಯಿತು. ಶೇಕ್ಸ್‌ಪಿಯರ್‌ನ 20 ನಾಟಕಗಳನ್ನು ಮಕ್ಕಳಿಗಾಗಿ ಕಥೆ ಮಾಡಿದ ಪುಸ್ತಕ ಅದು. ಅದರ ಹಿಂದೆಯೇ ಇಂಥ ಎಷ್ಟೋ ಪುಸ್ತಕಗಳು ಬಂದವು. ಮಕ್ಕಳಿಗೆ ಮೊದಲು ಕೊಡಬೇಕಾದ್ದು ಇಂಥ ಕಥೆಪುಸ್ತಕವನ್ನೇ? ಮಗಳಿಗೆ ಅದನ್ನು ಓದಿ ಹೇಳುವ ಒಬ್ಬ ತಂದೆ ಮತ್ತು ಮಕ್ಕಳ ಕೈಯಲ್ಲಿ ನಾಟಕ ಆಡಿಸುವ ಒಬ್ಬ ಟೀಚರ್ ಇಲ್ಲಿ ಬರೆದಿದ್ದಾರೆ.

ಪರ: ಕಥೆ ಗೊತ್ತಿದ್ದವರಿಗೆ ನಾಟಕ ದಕ್ಕುತ್ತದೆ

ನನ್ನ ಮಗಳಿಗೆ ಒಂಬತ್ತು ವರ್ಷ. ರಾತ್ರಿ ಮಲಗುವ ಮುಂಚೆ ಅವಳಿಗೊಂದು ಕಥೆ ಬೇಕೇ ಬೇಕು. ಕಳೆದ ಮಳೆಗಾಲದಲ್ಲಿ ಲ್ಯಾಂಬ್ ಅಕ್ಕ-ತಮ್ಮನ ಪುಸ್ತಕ ಹಿಡಿದೆವು. ನಾನು ಇಂಗ್ಲಿಷಿನಲ್ಲಿ ಒಂದೆರಡು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು, ಹೀಗೆ ಸಾಗಿತ್ತು. ಒಂದು ರಾತ್ರಿ ಮ್ಯಾಕ್‌ಬೆತ್ ಸರದಿ. ರಾಜನನ್ನು ಕೊಲ್ಲಲು ಗಂಡ ಹಿಂಜರಿಯುತ್ತಾನೆ. ಹೆಂಡತಿ ಚುಚ್ಚಿ ಮಾತಾಡುತ್ತಾಳೆ. ನಾನೂ ಮಗುವಿಗೆ ಹಾಲೂಡಿಸಿದವಳು, ಆದರೆ ನಿನ್ನಂತೆ ಮಾತು ಕೊಟ್ಟಿದ್ದರೆ ಆ ಮಗುವನ್ನೂ ಬಿಡುತ್ತಿರಲಿಲ್ಲ ಎನ್ನುತ್ತಾಳೆ. ಓದಿ ನಾನೇ ಒಂದು ಕ್ಷಣ ಸುಮ್ಮನಾದೆ. ಮಗಳು ಕೇಳಿದಳು: "ಅಪ್ಪಾ, ಹಾಗಾದ್ರೆ ಆ ಮಗು ಎಲ್ಲಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತನ್ನ ಕಿರೀಟ ಜೊತೆಗಾರ ಸೇನಾನಿ ಬ್ಯಾಂಕೋನ ಮಕ್ಕಳಿಗೆ ಹೋಗುತ್ತದಲ್ಲ ಎಂಬ ಸಂಕಟವೇ ಮ್ಯಾಕ್‌ಬೆತ್‌ನನ್ನು ಮುಂದಿನ ಕೊಲೆಗೆ ತಳ್ಳುತ್ತದೆ. ಕಿರೀಟ ತೊಡಲು ಅವನಿಗೆ ಮಗನಿಲ್ಲ. ಹಾಗಾದರೆ ಅವಳು ಹಾಲೂಡಿಸಿದ ಮಗು ಯಾವುದು? ದೊಡ್ಡ ವಿದ್ವಾಂಸರೇ ತಲೆ ಕೆಡಿಸಿಕೊಂಡ ಪ್ರಶ್ನೆ ಇದು. ಎ.ಸಿ. ಬ್ರಾಡ್ಲಿ 1904ರ ತಮ್ಮ ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲಿ ಇದನ್ನು ಚರ್ಚಿಸಿದ್ದಾರೆ. 1933ರಲ್ಲಿ ಎಲ್.ಸಿ. ನೈಟ್ಸ್ ಅಂಥ ಚರ್ಚೆಯನ್ನೇ ಟೀಕಿಸಿ ಬರೆದ ಪ್ರಬಂಧದ ಹೆಸರು 'ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳು?'. ನಾಟಕವನ್ನು ಕವಿತೆಯಂತೆ ಓದಿ, ಪಾತ್ರಗಳ ಮನೆ ಲೆಕ್ಕ ಕೇಳಬೇಡಿ ಅನ್ನುವುದು ಅವರ ವಾದ. ನನ್ನ ಮಗಳು ಇಬ್ಬರನ್ನೂ ಓದಿಲ್ಲ. ಆದರೂ ಹೊದಿಕೆಯೊಳಗೆ ಕಾಲು ಚಾಚಿಕೊಂಡು, ಒಂದು ಕಥೆಪುಸ್ತಕದ ದಾರಿಯಲ್ಲಿ, ಅವಳು ಆ ಪ್ರಶ್ನೆಯವರೆಗೆ ಹೋದಳು.

ಕಥೆ ಮೊದಲೇ ಗೊತ್ತಾದರೆ ನಾಟಕದ ಸ್ವಾರಸ್ಯ ಹೋಗುತ್ತದೆ ಅನ್ನುವವರಿದ್ದಾರೆ. ಶೇಕ್ಸ್‌ಪಿಯರ್ ಹಾಗೆ ಅಂದುಕೊಂಡಿರಲಿಲ್ಲ. 'ರೋಮಿಯೋ ಅಂಡ್ ಜೂಲಿಯೆಟ್' ಶುರುವಾಗುವುದೇ 14 ಸಾಲಿನ ಒಂದು ಪದ್ಯದಿಂದ. ಎರಡು ಮನೆ, ಹಳೆಯ ದ್ವೇಷ, ಪ್ರೇಮಿಗಳ ಸಾವು, ಆ ಸಾವಿನಿಂದ ಹಗೆ ತಣ್ಣಗಾಗುವುದು, ಎಲ್ಲವನ್ನೂ ಅಲ್ಲೇ ಹೇಳಿಬಿಡುತ್ತಾನೆ. ಆಮೇಲೆ ನಾಟಕ. ನಮಗೇನು ಇದು ಹೊಸದೇ? ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಗೊತ್ತಿದ್ದೂ ಯಕ್ಷಗಾನಕ್ಕೆ ಹೋಗಿ ಬೆಳಗಿನ ತನಕ ಕೂರುತ್ತೇವೆ. ಅಜ್ಜಿಯಿಂದ ಮಹಾಭಾರತ ಕೇಳಿದ ಮಗು ಆಟದ ಮುಂದೆ ಕೂತಾಗ 'ಇವನ್ಯಾರು, ಅವನ್ಯಾರು' ಅಂತ ಒದ್ದಾಡುವುದಿಲ್ಲ. ಅದರ ಕಣ್ಣು ಪೂರ್ತಿ ಕುಣಿತದ ಮೇಲೆ, ಕಿವಿ ಮಾತಿನ ಮೇಲೆ.

ಶೇಕ್ಸ್‌ಪಿಯರ್‌ನ ಭಾಷೆ 400 ವರ್ಷ ಹಳೆಯದು. ಬಾಲ್ಕನಿಯಲ್ಲಿ ನಿಂತ ಜೂಲಿಯೆಟ್ 'ವೇರ್‌ಫೋರ್ ಆರ್ಟ್ ದೌ ರೋಮಿಯೋ' ಎನ್ನುತ್ತಾಳೆ. 'ರೋಮಿಯೋ, ಎಲ್ಲಿದ್ದೀಯಾ' ಅಂತ ಅರ್ಥ ಮಾಡಿಕೊಳ್ಳುವವರೇ ಜಾಸ್ತಿ. ಅವಳು ಕೇಳುತ್ತಿರುವುದು 'ನೀನು ಯಾಕೆ ರೋಮಿಯೋ ಆದೆ, ಆ ಮನೆಯವನೇ ಯಾಕಾದೆ' ಅಂತ. ಇಂಗ್ಲೆಂಡಿನ ಮಕ್ಕಳೂ ಇಲ್ಲಿ ಎಡವುತ್ತಾರೆ. ಎರಡು ಮನೆಗಳ ಜಗಳ ಮೊದಲೇ ಗೊತ್ತಿರುವ ಮಗು ಆ ಸಾಲಿನ ಅರ್ಥವನ್ನು ತಾನೇ ಹಿಡಿದೀತು.

ಲ್ಯಾಂಬ್ ಪುಸ್ತಕ ಹುಟ್ಟಿದ ಬಗೆಯೂ ನನಗೆ ಮುಖ್ಯ. ಅಂದಿನ ಇಂಗ್ಲೆಂಡಿನಲ್ಲಿ ಅಪ್ಪನ ಲೈಬ್ರರಿಯ ಬಾಗಿಲು ಗಂಡುಮಕ್ಕಳಿಗೆ ಬೇಗ ತೆರೆಯುತ್ತಿತ್ತು, ಹೆಣ್ಣುಮಕ್ಕಳಿಗೆ ತಡವಾಗಿ. ಅದಕ್ಕೇ ಈ ಪುಸ್ತಕ ಮುಖ್ಯವಾಗಿ ಹುಡುಗಿಯರಿಗೆ ಅಂತ ಮುನ್ನುಡಿಯಲ್ಲೇ ಬರೆದರು. ಮೂಲದ ಒಳ್ಳೆಯ ಭಾಗಗಳನ್ನು ಆರಿಸಿ ತಂಗಿಯರಿಗೆ ಓದಿ ಹೇಳಿ ಅಂತ ಅಣ್ಣಂದಿರನ್ನು ಕೇಳಿಕೊಂಡರು. 20 ಕಥೆಗಳಲ್ಲಿ 14 ಮೇರಿ ಬರೆದದ್ದು. ಮೊದಲ ಮುದ್ರಣದಲ್ಲಿ ಅವಳ ಹೆಸರೇ ಇರಲಿಲ್ಲ. 1796ರಲ್ಲಿ ಬುದ್ಧಿ ಕೆಟ್ಟ ಗಳಿಗೆಯಲ್ಲಿ ತನ್ನ ತಾಯಿಯನ್ನೇ ಕೊಂದವಳು ಅವಳು. ಅವಳನ್ನು ನೋಡಿಕೊಳ್ಳುವ ಹೊಣೆಯನ್ನು ತಮ್ಮ ಹೊತ್ತ. ಕಾಯಿಲೆ ಮತ್ತೆ ಮತ್ತೆ ಬರುತ್ತಿತ್ತು. ಇಬ್ಬರೂ ಒಂದೇ ಮೇಜಿನಲ್ಲಿ, 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದ ಗೆಳತಿಯರಾದ ಹರ್ಮಿಯಾ-ಹೆಲೆನಾರಂತೆ ಕೂತು ಬರೆಯುತ್ತೇವೆ ಅಂತ 1806ರ ಒಂದು ಪತ್ರದಲ್ಲಿ ಮೇರಿ ಗೆಳತಿಗೆ ತಿಳಿಸುತ್ತಾಳೆ. ಈ ಸಾಲು ನೆನಪಾದಾಗಲೆಲ್ಲ ನನಗೆ ಆ ಪುಸ್ತಕದ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚುತ್ತದೆ.

ಇಂಥ ಕಥೆಗಳು ಮೂಲಕ್ಕೆ ಮೋಸ ಅನ್ನುವ ಆರೋಪವೂ ಇದೆ. ಅದಕ್ಕೆ ಉತ್ತರವಾಗಿ ಕಿಂಗ್ ಲಿಯರ್ ಸಾಕು. 1681ರಲ್ಲಿ ನೇಹಮ್ ಟೇಟ್ ಎಂಬಾತ ಆ ನಾಟಕವನ್ನು ತಿದ್ದಿದ. ಲಿಯರ್ ಸಾಯುವುದಿಲ್ಲ, ಅವನ ಮಗಳು ಕಾರ್ಡೀಲಿಯಾ ಮದುವೆಯಾಗುತ್ತಾಳೆ, ವಿದೂಷಕನ ಪಾತ್ರವೇ ಇಲ್ಲ. ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿ ಮೆರೆಸಿದ್ದು ಈ ಲಿಯರನ್ನು. ವಿದೂಷಕ ಮತ್ತೆ ವೇದಿಕೆ ಹತ್ತಿದ್ದು 1838ರಲ್ಲಿ, ನಟ ಮ್ಯಾಕ್ರೆಡಿ ಆಡಿಸಿದಾಗ. ಅದಕ್ಕೂ 31 ವರ್ಷ ಮುಂಚೆಯೇ ಲ್ಯಾಂಬ್ ಕಥೆಯಲ್ಲಿ ವಿದೂಷಕ ಇದ್ದಾನೆ. ಕಾರ್ಡೀಲಿಯಾ ಸಾಯುತ್ತಾಳೆ. ದೊಡ್ಡವರ ರಂಗಭೂಮಿ ಹೇಳಲು ಅಂಜಿದ ಸತ್ಯವನ್ನು ಮಕ್ಕಳ ಪುಸ್ತಕ ಹೇಳಿತು.

ಇನ್ನು, ಆ 'ಮೂಲ'ವಾದರೂ ಯಾವುದು? ಲಿಯರ್ 1608ರಲ್ಲಿ ಒಂದು ಬಗೆಯಲ್ಲಿ, 1623ರ ಫೋಲಿಯೋ ಎಂಬ ನಾಟಕಗಳ ದೊಡ್ಡ ಸಂಗ್ರಹದಲ್ಲಿ ಇನ್ನೊಂದು ಬಗೆಯಲ್ಲಿ ಅಚ್ಚಾಗಿದೆ. ಒಂದರಲ್ಲಿ ಇರುವ ನೂರಾರು ಸಾಲು ಇನ್ನೊಂದರಲ್ಲಿಲ್ಲ. 1986ರ ಆಕ್ಸ್‌ಫರ್ಡ್ ಸಂಪಾದಕರು ಎರಡನ್ನೂ ಬೇರೆ ಬೇರೆ ನಾಟಕಗಳಂತೆಯೇ ಅಚ್ಚು ಹಾಕಿದರು. ವಿದ್ವಾಂಸರೂ ಆರಿಸಿಯೇ ಕೊಡುತ್ತಾರೆ, ಅಲ್ವಾ?

ಕನ್ನಡಕ್ಕೂ ಶೇಕ್ಸ್‌ಪಿಯರ್ ಬಂದದ್ದು ರೂಪ ಬದಲಿಸಿಕೊಂಡೇ. ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ 'ಪ್ರತಾಪರುದ್ರದೇವ' ಆದ. ಕುವೆಂಪು ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಬರೆದರು. ನಾನು 'ರಕ್ತಾಕ್ಷಿ' ಓದಿದ ಮೇಲೆಯೇ ಹ್ಯಾಮ್ಲೆಟ್ ಹುಡುಕಿಕೊಂಡು ಹೋದವನು. ನನ್ನ ಮಗಳಿಗೂ ಅಂಥದ್ದೊಂದು ಮೊದಲ ಮೆಟ್ಟಿಲು ಬೇಕು.

ವಿರೋಧ: ಉಳಿದದ್ದು ಕಥೆ, ಹೋದದ್ದು ಶೇಕ್ಸ್‌ಪಿಯರ್

ಯಕ್ಷಗಾನದ ಮಾತು ಎತ್ತಿದ್ದು ಒಳ್ಳೆಯದಾಯಿತು. ನಾನು ಚಿಕ್ಕವಳಿದ್ದಾಗ ಆಟಕ್ಕೆ ಹೋಗುತ್ತಿದ್ದುದು ಅಭಿಮನ್ಯುವನ್ನು ನೋಡಲಿಕ್ಕಲ್ಲ, ಹಾಸ್ಯಗಾರನನ್ನು ನೋಡಲಿಕ್ಕೆ. ದೊಡ್ಡ ವೇಷಗಳ ಉದ್ದ ಮಾತಿನ ಹೊತ್ತಿಗೆ ಅಮ್ಮನ ತೊಡೆಯ ಮೇಲೆ ನಿದ್ದೆ. ಹಾಸ್ಯಗಾರ ಬಂದ ಅಂದರೆ ಯಾರೂ ಎಬ್ಬಿಸಬೇಕಿರಲಿಲ್ಲ. ಅವನಿಗಾಗಿ ಎದ್ದು ಕೂತವಳು ಆಮೇಲೆ ರಾಜನ ಸಂಕಟವನ್ನೂ ನೋಡಿದೆ. ಮಕ್ಕಳು ನಾಟಕದ ಒಳಗೆ ಬರುವ ಬಾಗಿಲು ಅದು.

ಲ್ಯಾಂಬ್ ಪುಸ್ತಕ ಆ ಬಾಗಿಲನ್ನೇ ಮುಚ್ಚಿತು. 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ತೆಗೆದುಕೊಳ್ಳಿ. ಅಥೆನ್ಸಿನ ಕೂಲಿ ಕೆಲಸದವರು ರಾಜನ ಮದುವೆಗೆ ನಾಟಕ ಕಲಿಯುತ್ತಾರೆ. ನೇಕಾರ ಬಾಟಮ್‌ಗೆ ಎಲ್ಲ ಪಾತ್ರಗಳೂ ತನಗೇ ಬೇಕು. ಬಡಗಿ ಸ್ನಗ್‌ಗೆ ಸಿಂಹದ ಪಾತ್ರ. ನನಗೆ ಮಾತು ಬೇಗ ಬಾಯಿಗೆ ಹತ್ತುವುದಿಲ್ಲ, ಬರೆದು ಕೊಡಿ ಅನ್ನುತ್ತಾನೆ ಪಾಪ. ಬರೆಯೋದೇನಿದೆ, ಬರೀ ಗರ್ಜನೆ ಅನ್ನುತ್ತಾರೆ. ಸ್ನೌಟ್ ಗೋಡೆಯಾಗುತ್ತಾನೆ. ಬೆರಳು ಅಗಲಿಸಿದರೆ ಅದೇ ಗೋಡೆಯ ಬಿರುಕು, ಪ್ರೇಮಿಗಳು ಅದರಲ್ಲೇ ಪಿಸುಗುಟ್ಟಬೇಕು. ಒಬ್ಬ ಲಾಂದ್ರ ಹಿಡಿದು ಚಂದ್ರನಾಗುತ್ತಾನೆ. ಇದಕ್ಕಿಂತ ಮಕ್ಕಳದ್ದೇ ಅನ್ನಿಸುವ ದೃಶ್ಯ ಯಾವ ನಾಟಕದಲ್ಲಿದೆ? ಲ್ಯಾಂಬ್ ಕಥೆಯಲ್ಲಿ ಈ ತಂಡವೇ ಇಲ್ಲ. ಬಾಟಮ್‌ಗೆ ಹೆಸರೂ ಇಲ್ಲ. ಕಾಡಿನಲ್ಲಿ ದಾರಿ ತಪ್ಪಿದ ಯಾರೋ ಒಬ್ಬ ಹಳ್ಳಿಗ, ಅವನಿಗೆ ಕತ್ತೆತಲೆ, ಅಷ್ಟೆ.

'ಟ್ವೆಲ್ಫ್ತ್ ನೈಟ್' ಕಥೆಯಲ್ಲಿ ಜಂಬದ ಮನೆವಾರ್ತೆಯವ ಮಾಲ್ವೋಲಿಯೋ ಇಲ್ಲ, ಮೋಸಹೋಗಿ ಅವನು ತೊಡುವ ಹಳದಿ ಕಾಲುಚೀಲ ಇಲ್ಲ. ಮ್ಯಾಕ್‌ಬೆತ್‌ನಲ್ಲಿ ರಾಜನ ಕೊಲೆಯಾದ ಕೂಡಲೇ ಹೊರಗಿನಿಂದ ಬಾಗಿಲು ಬಡಿಯುತ್ತಾರೆ. ಬಾಗಿಲು ಕಾಯುವ ಕುಡುಕ ತಾನು ನರಕದ ಬಾಗಿಲಲ್ಲಿದ್ದೇನೆ ಅಂದುಕೊಂಡು ಗೊಣಗುತ್ತಾ ಬರುತ್ತಾನೆ. ನಗಬೇಕೋ ಹೆದರಬೇಕೋ ತಿಳಿಯದ ಗಳಿಗೆ. ಅದೂ ಹೋಯಿತು. ಲಿಯರ್ ವಿಚಾರದಲ್ಲಿ ಅವರು ಹೇಳಿದ್ದು ನಿಜ, ನಾನು ಒಪ್ಪುತ್ತೇನೆ. ಆದರೆ ಅಲ್ಲಿಯೂ ಕಣ್ಣು ಕಳೆದುಕೊಂಡ ಗ್ಲಾಸ್ಟರ್‌ನನ್ನು ಮಗ ಬಯಲಿನಲ್ಲೇ ನಿಲ್ಲಿಸಿ, ಇದು ಡೋವರ್‌ನ ಕಡಿದಾದ ಬೆಟ್ಟದ ತುದಿ ಎಂದು ನಂಬಿಸುವ ದೃಶ್ಯ ಬಿಟ್ಟುಹೋಗಿದೆ. ಬರೀ ಮಾತಿನಿಂದ ಬೆಟ್ಟ ಕಟ್ಟುವ ಆಟ ಮಕ್ಕಳಿಗಲ್ಲದೆ ಇನ್ಯಾರಿಗೆ ಚೆನ್ನಾಗಿ ಅರ್ಥವಾಗುತ್ತದೆ?

ನನ್ನ ಮುಖ್ಯ ತಕರಾರು ಇದು. ಶೇಕ್ಸ್‌ಪಿಯರ್‌ನ ಹೆಚ್ಚಿನ ಕಥೆಗಳು ಅವನವಲ್ಲ. ರೋಮಿಯೋ ಕಥೆ ಆರ್ಥರ್ ಬ್ರೂಕ್ 1562ರಲ್ಲಿ ಅಚ್ಚು ಹಾಕಿಸಿದ ಉದ್ದ ಪದ್ಯದಲ್ಲಿತ್ತು. ಮ್ಯಾಕ್‌ಬೆತ್ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿದ್ದ. ಬ್ರೂಕ್‌ನಲ್ಲಿ ತಿಂಗಳುಗಟ್ಟಲೆ ನಡೆಯುವ ಪ್ರೇಮವನ್ನು ಇವನು ನಾಲ್ಕೈದು ದಿನಕ್ಕೆ ಇಳಿಸಿ ಉಸಿರು ಕಟ್ಟಿಸಿದ. ರೋಮಿಯೋನ ಗೆಳೆಯ ಮರ್ಕ್ಯೂಷಿಯೋ ಬ್ರೂಕ್‌ನಲ್ಲಿ ಅಂದರೆ ತಣ್ಣನೆಯ ಕೈಯ ಒಬ್ಬ ಅತಿಥಿ. ಇವನ ಕೈಗೆ ಬಂದ ಮೇಲೆ ಮಾತಿನ ಮಲ್ಲನಾದ. ಅಂದರೆ ಕಥೆ ಎರವಲು, ಮಾತು ಸ್ವಂತ. ಮಾತು ಬಿಟ್ಟು ಕಥೆ ಮಾತ್ರ ಇಟ್ಟುಕೊಂಡರೆ ನಾವು ಮಗುವಿಗೆ ಕೊಟ್ಟದ್ದು ಯಾರನ್ನು?

ಮ್ಯಾಕ್‌ಬೆತ್‌ನ ಮಾಟಗಾತಿಯರ ಕಡಾಯಿಯನ್ನೇ ನೋಡಿ. ಕಪ್ಪೆ, ಬಾವಲಿ, ನಾಯಿಯ ನಾಲಗೆ, ಆ ಪಟ್ಟಿ ಲ್ಯಾಂಬ್‌ನಲ್ಲೂ ಇದೆ, ಆದರೆ ಗದ್ಯದಲ್ಲಿ. 'ಡಬಲ್, ಡಬಲ್, ಟಾಯ್ಲ್ ಅಂಡ್ ಟ್ರಬಲ್' ಅನ್ನುವ ತಾಳ ಹೋಗಿದೆ. ನಾನು ಆರನೇ ಕ್ಲಾಸಿನ ಮಕ್ಕಳಿಗೆ ಅರ್ಥ ಹೇಳದೆ ಆ ಸಾಲು ಹೇಳಿಸಿದ್ದೇನೆ. ಎರಡನೇ ಸಲಕ್ಕೆ ಡೆಸ್ಕು ಬಡಿಯತೊಡಗಿದರು. ಪಕ್ಕದ ಕ್ಲಾಸಿನವರು ಬಂದು ನೋಡಿದರು. ಮನೆಗೆ ಹೋಗುವಾಗ ಬಸ್ಸಿನಲ್ಲೂ ಅದೇ.

ಕಥೆ ಹೇಳುವವರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ, ಇದು ನನ್ನನ್ನು ಹೆಚ್ಚು ಕಾಡುತ್ತದೆ. ಅವರು ತೀರ್ಪು ಕೊಟ್ಟುಬಿಡುತ್ತಾರೆ. 'ಮರ್ಚೆಂಟ್ ಆಫ್ ವೆನಿಸ್' ಕಥೆಯ ಆರಂಭದಲ್ಲೇ ಬಡ್ಡಿಗೆ ಸಾಲ ಕೊಡುವ ಯಹೂದಿ ಶೈಲಾಕ್ ಕಲ್ಲುಹೃದಯದವನು ಅಂತ ಬಂದುಬಿಡುತ್ತದೆ. ನಾಟಕದಲ್ಲಿ ಹಾಗೆ ಹೇಳಲು ನಡುವೆ ಯಾರೂ ಇಲ್ಲ. ಅವನೇ ಎದುರು ನಿಂತು ಕೇಳುತ್ತಾನೆ: ಯಹೂದಿಗೆ ಕಣ್ಣಿಲ್ಲವೇ, ಚುಚ್ಚಿದರೆ ನಮಗೆ ರಕ್ತ ಬರುವುದಿಲ್ಲವೇ? ಕಥೆಯಲ್ಲಿ ಈ ಮಾತು ಇಲ್ಲ. ಹನ್ನೆರಡು ವರ್ಷದ ಮಗು ಆ ಮಾತನ್ನು ತನ್ನ ಬಾಯಲ್ಲಿ ಹೇಳಿದರೆ ಅದಕ್ಕೆ ಶೈಲಾಕ್ ಸರಿಯೋ ತಪ್ಪೋ ಅಂತ ಅಷ್ಟು ಬೇಗ ಹೇಳಲಿಕ್ಕಾಗುವುದಿಲ್ಲ. ಆಗಬಾರದು ಕೂಡ.

1807ರಲ್ಲೇ ಬಾತ್ ಊರಿನಲ್ಲಿ ಇನ್ನೊಂದು ಪುಸ್ತಕ ಬಂತು, 'ದ ಫ್ಯಾಮಿಲಿ ಶೇಕ್ಸ್‌ಪಿಯರ್'. ಅದೂ 20 ನಾಟಕ, ಅದೂ ಒಬ್ಬ ಹೆಣ್ಣುಮಗಳ ಕೆಲಸ, ಅದರಲ್ಲೂ ಅವಳ ಹೆಸರಿಲ್ಲ. ಹೆನ್ರಿಯೆಟಾ ಬೌಡ್ಲರ್ ಅವಳು. ಮನೆಮಂದಿಯ ಮುಂದೆ ಓದಲು ಮುಜುಗರವಾಗುವ ಮಾತುಗಳನ್ನೆಲ್ಲ ತೆಗೆದಳು. ಆ ಮನೆತನದ ಹೆಸರು ಇಂಗ್ಲಿಷಿನಲ್ಲಿ ಕತ್ತರಿ ಆಡಿಸುವುದಕ್ಕೇ ಕ್ರಿಯಾಪದವಾಗಿ ಉಳಿದಿದೆ. ಆದರೂ ಹೇಳುತ್ತೇನೆ, ಬೌಡ್ಲರ್ ಪುಸ್ತಕದಲ್ಲಿ ಉಳಿದ ಸಾಲುಗಳು ಶೇಕ್ಸ್‌ಪಿಯರ್‌ನವು. ಪಾತ್ರಗಳು ಎದುರುಬದುರು ನಿಂತು ಮಾತಾಡುತ್ತವೆ. ಮಗು ಅದನ್ನು ಎದ್ದು ಆಡಬಹುದು.

ಮೆಟ್ಟಿಲು ಅಂದರು. ಲ್ಯಾಂಬ್ ಅವರ ಆಸೆಯೂ ಅದೇ ಆಗಿತ್ತು, ಓದುಗರು ಮುಂದೆ ಮೂಲಕ್ಕೆ ಹೋಗಲಿ ಅಂತ. ಆದರೆ ನನ್ನ ವಾರಿಗೆಯ ಹೆಚ್ಚಿನವರು ಮೆಟ್ಟಿಲಲ್ಲೇ ಕೂತುಬಿಟ್ಟರು. ಕಾಲೇಜಿನಲ್ಲಿ ನಾನ್-ಡೀಟೈಲ್ಡ್ ಪಠ್ಯವಾಗಿ ಕಥೆ ಓದಿದರು, ಪರೀಕ್ಷೆಯಲ್ಲಿ ಸಾರಾಂಶ ಬರೆದರು. ಹ್ಯಾಮ್ಲೆಟ್ ಗೊತ್ತಾ ಅಂದರೆ ಗೊತ್ತು ಅನ್ನುತ್ತಾರೆ. ಗೊತ್ತಿದೆ ಅಂದುಕೊಂಡವರು ಮತ್ತೆ ಹುಡುಕಿಕೊಂಡು ಹೋಗುವುದಿಲ್ಲ.

ಹಾಗಂತ ಇಡೀ ನಾಟಕ ಮಗುವಿನ ತಲೆ ಮೇಲೆ ಹೊರಿಸಿ ಅಂತ ನಾನು ಹೇಳುವುದಿಲ್ಲ. ಒಂದು ದೃಶ್ಯ ಸಾಕು. ಇಂಗ್ಲೆಂಡಿನ ರಾಯಲ್ ಶೇಕ್ಸ್‌ಪಿಯರ್ ಕಂಪನಿ 2008ರಲ್ಲಿ ಶಾಲೆಗಳ ಮುಂದೆ ಮೂರು ಮಾತು ಇಟ್ಟಿತು: ಎದ್ದು ನಿಂತು ಆಡಿ, ರಂಗದ ಮೇಲೆ ನೋಡಿ, ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿ. ಶೇಕ್ಸ್‌ಪಿಯರ್‌ನ ಕಾಲದಲ್ಲಿ ಅವನ ಸ್ವಂತ ಕಂಪನಿಯ ನಟರು ಕಲಿತದ್ದೂ ಹೀಗೇ. ಒಬ್ಬೊಬ್ಬರ ಕೈಗೆ ಸಿಗುತ್ತಿದ್ದುದು ಅವರವರ ಮಾತು ಮತ್ತು ಹಿಂದಿನವನ ಕೊನೆಯ ಕೆಲವು ಪದ.

ವಿದ್ವಾಂಸರ ಪುಸ್ತಕಗಳು ಬೇಕು, ಆದರೆ ಟೀಚರ್‌ಗೆ. ನನ್ನ ಕಪಾಟಿನಲ್ಲಿ ಆರ್ಡನ್ ಸರಣಿಯ ಕೆಲವು ನಾಟಕಗಳಿವೆ. 1899ರಲ್ಲಿ ಶುರುವಾದ ಸರಣಿ ಅದು. ಕೆಲವು ಪುಟಗಳಲ್ಲಿ ಮೇಲೆ ನಾಲ್ಕು ಸಾಲು ನಾಟಕ, ಕೆಳಗೆಲ್ಲ ಟಿಪ್ಪಣಿ. 'ವೇರ್‌ಫೋರ್' ಅಂದರೆ 'ಯಾಕೆ' ಅನ್ನುವುದು ಅಂಥ ಟಿಪ್ಪಣಿಯಿಂದಲೇ ನನಗೂ ತಿಳಿದದ್ದು. ಹಿಂದಿನ ರಾತ್ರಿ ನಾನು ಅದನ್ನು ಓದಿಕೊಂಡರೆ ಮರುದಿನ ಮಕ್ಕಳು ಸುಮ್ನೆ ಆಡಬಹುದು.

ಹೋದ ವರ್ಷ ಗೋಡೆಯ ದೃಶ್ಯ ಮಾಡಿಸಿದೆ. ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಗೋಡೆಯಾದ. ಎರಡು ಬೆರಳು ಅಗಲಿಸಿ ಕೈ ಚಾಚಿ ನಿಂತ. ತನ್ನ ಭಾಗ ಮುಗಿಯಿತು, ಗೋಡೆ ಇನ್ನು ಹೋಗುತ್ತದೆ ಅಂತ ಹೇಳಿ ಹೊರಡುವ ಸಾಲು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. "ಮಿಸ್, ಇವರು ಯಾರ ಮದುವೆಗೆ ನಾಟಕ ಮಾಡ್ತಿದ್ದಾರೆ? ಆ ಕತ್ತೆತಲೆ ಹೇಗೆ ಬಂತು?" ಅಂದ. ಕೂರು ಅಂತ ಪಕ್ಕದ ಕುರ್ಚಿ ಎಳೆದು, ಆಗ ಅವನಿಗೆ ಕಥೆ ಹೇಳಿದೆ.