ಮಾವನ ಲೆನ್ಸು

ಕ್ಯಾಮೆರಾ ತಗೊಳ್ಳೋಣ ಅಂತಿದ್ದೀನಿ ಎಂದು ಗಾಂಧಿಬಜಾರಿನ ದರ್ಶಿನಿಯೊಂದರಲ್ಲಿ ಬಾಯಿತಪ್ಪಿ ಅಂದುಬಿಟ್ಟೆ. ಬೈಟು ಕಾಫಿ ಹಿಡಿದು ನಿಂತಿದ್ದವರೆಲ್ಲ ತಕ್ಷಣ ಪಂಡಿತರಾದರು. ಒಬ್ಬರು 'ಕ್ಯಾನನ್ ಬಿಟ್ಟು ಬೇರೇನೂ ನೋಡಬೇಡಿ' ಎಂದರು. ಇನ್ನೊಬ್ಬರು 'ನಿಕಾನ್ ತಗೊಳ್ಳಿ, ಮೊಮ್ಮಕ್ಕಳ ಕಾಲಕ್ಕೂ ಆಗತ್ತೆ' ಎಂದರು, ಕೊಳದಪ್ಪಲೆ ಕೊಡಿಸುವವರ ಹಾಗೆ. ಮೂರನೆಯವರು 'ಈಗ ಎಲ್ಲ ಮಿರರ್‌ಲೆಸ್ಸು ಸಾರ್, ಒಳಗೆ ಕನ್ನಡಿಯೇ ಇರಲ್ಲ' ಎಂದು ಕನಿಕರಿಸಿದರು. ನಾಲ್ಕನೆಯವರು ಏನೂ ಹೇಳದೆ ನನ್ನ ಪಾಲಿನ ಕಾಫಿಯನ್ನು ಕುಡಿದು ಮುಗಿಸಿದರು. ಅವರೊಬ್ಬರ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಒಲವು ನಿಕಾನ್ ಕಡೆಗಿದ್ದದ್ದಕ್ಕೆ ಕಾರಣ ಸೋದರಮಾವ. ಅವರ ಬೀರುವಿನಲ್ಲಿ ರೀಲಿನ ಕಾಲದ 50 ಎಂಎಂ ಲೆನ್ಸೊಂದು ನುಸಿಗುಳಿಗೆಯ ವಾಸನೆ ಹೊಡೆಯುತ್ತ ಕೂತಿತ್ತು. ಲೆನ್ಸು ಕೂರುವ 1959ರ ಮೌಂಟನ್ನೇ ನಿಕಾನಿನವರು ಡಿಎಸ್‌ಎಲ್‌ಆರ್‌ಗೂ, ಅಂದರೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾಗೂ, ಉಳಿಸಿಕೊಂಡಿದ್ದಾರೆ, ಹಾಕಿದರೆ ಕೂರತ್ತೆ ಕಣೋ ಎಂದರು ಮಾವ.

ಅಮ್ಮನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಷಡ್ಡಕನ ಮಗನ ನಿಕಾನ್ ಡಿ3500 ಎರವಲು ತಂದೆ. ಲೆನ್ಸನ್ನು ಎಡಕ್ಕೆ ತಿರುಗಿಸಿ ಕೂರಿಸಬೇಕು. 'ಶುಭಕಾರ್ಯಕ್ಕೆ ಅಪ್ರದಕ್ಷಿಣೆಯೇನೋ' ಎಂದಳು ಅಮ್ಮ. ಕೂತಿತೇನೋ ನಿಜ. ವ್ಯೂಫೈಂಡರಿನಲ್ಲಿ 'ಎಫ್‌ಇಇ' ಎಂದು ಮಿಣುಕತೊಡಗಿತು. 'ಫೀಸು ಕೇಳ್ತಿದೆ ಅಪ್ಪಾ' ಎಂದಳು ಮಗಳು. ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಲೆನ್ಸಿನ ಬಳೆಯನ್ನು, ಅತಿ ಸಣ್ಣ ಕಿಂಡಿಯ ಗುರುತಾದ 22ಕ್ಕೆ ತಿರುಗಿಸಿ ಚಿಲಕ ಹಾಕಿದ ಮೇಲೆ ಸುಮ್ಮನಾಯಿತು. ಆಮೇಲೆ ತಿಳಿಯಿತು, ಈ ಕ್ಯಾಮೆರಾದೊಳಗೆ ಫೋಕಸ್ ಮೋಟರಿಲ್ಲ, ಮಾವನ ಲೆನ್ಸಿನಲ್ಲೂ ಇಲ್ಲ. ಕೈಯಲ್ಲೇ ತಿರುಗಿಸಬೇಕು.

ಅದೂ ಸರಿ. ಆದರೆ ನಮ್ಮ ಮನೆಯ ಹಾಲ್ ಹತ್ತಡಿಯದು, ಜನ ಹನ್ನೊಂದು. ರೀಲಿಗಿಂತ ಸಣ್ಣದಾದ ಈ ಕ್ಯಾಮೆರಾದ ಸೆನ್ಸರಿನ ಮೇಲೆ 50 ಎಂಬುದು 75ರ ಹಾಗೆ ಆಡುತ್ತದೆ. ಅಂಕಿ ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದು. ಮೊದಲು ಅಮ್ಮನ ಮೂಗು, ಕಿವಿಯ ಓಲೆ ಮಾತ್ರ ಕಂಡವು. ಹಿಂದೆ ಹೋದೆ. ದಿವಾನು ತಾಗಿತು. ಸುತ್ತಿ ಹೋದೆ, ಚಪ್ಪಲಿ ಸ್ಟ್ಯಾಂಡು ತಾಗಿತು. ಹೊಸಿಲು ದಾಟಿ ಪ್ಯಾಸೇಜಿಗೆ ಬಂದು, ಎದುರು ಮನೆಯವರ ರಂಗೋಲಿಯ ಮೇಲೆ ನಿಂತಾಗ ಎಲ್ಲರೂ ಹಿಡಿಸಿದರು. ಎಲ್ಲರೂ ಅಂದರೆ ಒಂಬತ್ತು ಜನ. ಬಾಗಿಲ ಚೌಕಟ್ಟು ಎಡಕ್ಕೆ ಚಿಕ್ಕಮ್ಮನನ್ನೂ ಬಲಕ್ಕೆ ಭಾವನನ್ನೂ ನುಂಗಿತ್ತು.

ಉಳಿದವರೂ ಮಸುಕು. ಚೊಕ್ಕವಾಗಿ ಮೂಡಿದ್ದು ಅವರ ಹಿಂದಿನ ಕ್ಯಾಲೆಂಡರು. ಗುರುವಾರ, ರಾಹುಕಾಲ 1.30ರಿಂದ 3 ಎಂದು ಓದಬಹುದು. ನಾನು ಕ್ಲಿಕ್ಕಿಸಿದ್ದೂ ಆಗಲೇ.

ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸೆಂದರೆ ಮೂಗು ಮುರಿಯುವ ಮಹಾನುಭಾವರೇ, ಅದನ್ನು ಹಾಕಿದ್ದರೆ ನಮ್ಮ ಚಿಕ್ಕಮ್ಮ ಫೋಟೋದಲ್ಲಿ ಉಳಿಯುತ್ತಿದ್ದರು. ಇನ್ನು 'ಎಷ್ಟು ಮೆಗಾಪಿಕ್ಸೆಲ್ಲು' ಎಂದು ಸಂಬಳ ಕೇಳುವ ಧಾಟಿಯಲ್ಲಿ ಕೇಳುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ.

ಕೊಳ್ಳುವುದು ಇನ್ನೂ ಇತ್ಯರ್ಥವಾಗಿಲ್ಲ. ನಿನ್ನೆ ಮಾವ ಫೋನ್ ಮಾಡಿ, ಲೆನ್ಸು ಹೇಗೋ ಎಂದರು. ರಾಹುಕಾಲ ಕೂಡ ಕಾಣತ್ತೆ ಮಾವ ಎಂದೆ. ಖುಷಿಯಾಗಿಬಿಟ್ಟರು. ಬೀರುವಿನಲ್ಲಿ 135 ಎಂಎಮ್ಮಿನದೂ ಒಂದಿದೆಯಂತೆ, ಕಳಿಸುತ್ತಾರಂತೆ. ಎದುರು ಮನೆಯವರಿಗೆ ಈಗಲೇ ಒಂದು ಮಾತು ಹೇಳಿಡಬೇಕು.