ಕಾಮೆಂಟ್ ಬಾಕ್ಸಿನ ಮಹನೀಯರಿಗೆ ಏಳು ವರ್ಷವಂತೆ

ದ್ವೇಷ ಭಾಷಣ ತಡೆಯುವ ಮಸೂದೆ ಪಾಸಾದದ್ದು ಗೊತ್ತಲ್ಲ. 2025ರ ಡಿಸೆಂಬರ್‌ನಲ್ಲಿ, ಬೆಳಗಾವಿಯ ಸುವರ್ಣಸೌಧದಲ್ಲಿ. ಕೆಟ್ಟ ಮಾತು ಆಡಬಾರದು ಅನ್ನುವ ಕಾನೂನನ್ನು ನಮ್ಮ ಪ್ರತಿನಿಧಿಗಳು ಹೇಗೆ ಮಾಡಿದರು ಅಂದರೆ, ಯಾರ ಮಾತು ಯಾರಿಗೂ ಕೇಳಿಸದಷ್ಟು ಗದ್ದಲ, ಕರಾವಳಿಗೆ ಬೆಂಕಿ ಹಚ್ಚಿದವರು ಯಾರು ಅಂತ ಜಗಳ, ವಿರೋಧ ಪಕ್ಷದವರು ಮಸೂದೆಯ ಪ್ರತಿ ಹರಿದದ್ದು, ಅದರ ನಡುವೆಯೇ ಅಂಗೀಕಾರ. ಚರ್ಚೆ ಆಗಲಿಲ್ಲ ಅಂತ ಕೆಲವರಿಗೆ ಬೇಜಾರು. ನನಗೇನೋ ಅದೇ ಒಳ್ಳೆಯದಾಯಿತು ಅನ್ನಿಸಿತು. ಚರ್ಚೆ ಆಗಿದ್ದರೆ ಕಾನೂನು ಜಾರಿಗೆ ಬರುವ ಮೊದಲೇ ಅರ್ಧ ಸದನದ ಮೇಲೆ ಕೇಸು ಹಾಕಬೇಕಿತ್ತು.

ಶಿಕ್ಷೆಯೂ ಭರ್ಜರಿ. ಸಿಕ್ಕಿಬಿದ್ದರೆ 1ರಿಂದ 7 ವರ್ಷ ಜೈಲು, 50,000 ರೂಪಾಯಿ ದಂಡ, ಜಾಮೀನು ಸುಲಭಕ್ಕಿಲ್ಲ. ಚಾಳಿ ಬಿಡದೆ ಮತ್ತೆ ಬೈದರೆ 1 ಲಕ್ಷ ದಂಡ. ಎರಡನೇ ಸಲಕ್ಕೆ ಮೊದಲು 10 ವರ್ಷ ಅಂತ ಬರೆದಿದ್ದರು, ಆಮೇಲೆ 7ಕ್ಕೆ ಇಳಿಸಿದರು. ಡಿಸೆಂಬರ್ ಅಲ್ವಾ, ವರ್ಷದ ಕೊನೆಯ ಆಫರ್ ಇರಬೇಕು.

ಈಗ ಆ ಸುದ್ದಿಯ ಕೆಳಗೆ ಬಂದ ಕಾಮೆಂಟ್‌ಗಳಿಗೆ ಬರೋಣ. ಬೈದರೆ ಜೈಲು ಅನ್ನುವ ಸುದ್ದಿಗೆ ನಮ್ಮ ಜನ ಬೈದೇ ಉತ್ತರ ಕೊಟ್ಟರು. ಬಿಜೆಪಿ ಕಡೆಯ "ಭಕ್ತರು", ಕಾಂಗ್ರೆಸ್ ಕಡೆಯ "ಗುಲಾಮರು", ಎರಡೂ ಕಡೆಯವರು. ಒಬ್ಬ "ಇನ್ಮೇಲೆ ಭಕ್ತರು ಒಳಗೆ" ಅಂತ ಕುಣಿದ. ಅವನ ಕೆಳಗೆ ಇನ್ನೊಬ್ಬ "ಗುಲಾಮ, ಮೊದಲು ನೀನೇ ಒಳಗೆ" ಅಂದ. ಮೂರನೆಯವನು ಇಬ್ಬರ ತಾಯಂದಿರನ್ನೂ ವಿಚಾರಿಸಿಕೊಂಡ. ಇಂಥವರ ಪ್ರೊಫೈಲ್‌ಗೆ ಒಮ್ಮೆ ಹೋಗಿ ನೋಡಿ, ಬೀಗ ಹಾಕಿರುತ್ತದೆ. ಬೀಗದ ಹೊರಗೆ ಹನುಮಂತನ ಫೋಟೋ, ಅಥವಾ ಬಸವಣ್ಣನದು, ಅಥವಾ ಹುಲಿ, ಅಥವಾ ಎರಡು ವರ್ಷದ ಮಗುವಿನದು. ಪರಿಚಯದ ಜಾಗದಲ್ಲಿ "ತಾಯಿಗಿಂತ ದೇವರಿಲ್ಲ". ತನ್ನ ತಾಯಿ ಅಂತ ಅರ್ಥ ಮಾಡಿಕೊಳ್ಳಬೇಕು.

ಇವರ ಸೇವೆಯನ್ನು ನಾವು ಸರಿಯಾಗಿ ಗುರುತಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಜಾತಿ ಸಮೀಕ್ಷೆ ಮಾಡಿಸಿತು. 60 ಪ್ರಶ್ನೆ. ಪಾಪ, ಮೇಷ್ಟ್ರುಗಳು ದಸರಾ ರಜೆಯಲ್ಲಿ ಮೊಬೈಲ್ ಹಿಡಿದು, ಸಿಗ್ನಲ್ ಇಲ್ಲದ ಕಡೆ ಜಗಲಿ ಹತ್ತಿ, ನಾಯಿ ಅಟ್ಟಿಸಿಕೊಂಡು ಬಂದರೆ ಓಡಿ, ಅಂತೂ ಮಾಹಿತಿ ತುಂಬಿದರು. ಕಾಮೆಂಟ್ ಬಾಕ್ಸಿನ ಗಣತಿದಾರರಿಗೆ ಅಷ್ಟೆಲ್ಲ ಬೇಡವೇ ಬೇಡ. ನೀವು ಒಂದು ಸಾಲು ಬರೆದರೆ ಸಾಕು. "ನಮ್ಮ ರಸ್ತೆಯಲ್ಲಿ ಗುಂಡಿ ಇದೆ" ಅಂದಿರಾ? ರಾಜ್ಯ ಸರ್ಕಾರಕ್ಕೆ ಅಂದಿರಿ, ಹಾಗಾದರೆ ನೀವು ಭಕ್ತ, ಚೆಡ್ಡಿ. "ಜಿಎಸ್‌ಟಿ ಹಣದಲ್ಲಿ ನಮಗೆ ಬರಬೇಕಾದ್ದು ಬರಲಿಲ್ಲ" ಅಂದಿರಾ? ಕೇಂದ್ರಕ್ಕೆ ಅಂದಿರಿ, ಹಾಗಾದರೆ ಗುಲಾಮ, ಗಂಜಿ ಗಿರಾಕಿ. ಎರಡೂ ಬರೆದರೆ ಲದ್ದಿಜೀವಿ. ಏನೂ ಬರೆಯದೆ ಸುಮ್ನೆ ಇದ್ದರೆ, "ಈಗ ಎಲ್ಲಿ ಹೋದ್ರು ಸಾಹಿತಿಗಳು?" ಅನ್ನುವ ಪಟ್ಟಿಯಲ್ಲಿ ನಿಮ್ಮ ಹೆಸರು. ನೀವು ಸಾಹಿತಿಯೇ ಅಲ್ಲ, ಹಾಲಿನ ಡೇರಿ ಕಾರ್ಯದರ್ಶಿ ಅನ್ನುವುದು ಆಮೇಲಿನ ಮಾತು.

ಅದೇ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟನೆ ಮಾಡಿದರು. ಅದಕ್ಕೂ ಮೊದಲಿನ ಒಂದು ತಿಂಗಳು ನೆನಪಿದೆಯಲ್ಲ. ಹಾಸನದ ಹೆಂಗಸು, ಕನ್ನಡದಲ್ಲಿ ಬರೆದು ಇಂಟರ್‌ನ್ಯಾಷನಲ್ ಬೂಕರ್ ತಂದವರು. ಮೇ ತಿಂಗಳಲ್ಲಿ "ಕನ್ನಡದ ಹೆಮ್ಮೆ" ಅಂತ ಸ್ಟೇಟಸ್ ಹಾಕಿದವರಲ್ಲೇ ಕೆಲವರಿಗೆ ಆಗಸ್ಟ್‌ನಲ್ಲಿ ಇವರ ಧರ್ಮ ಯಾವುದು ಅಂತ ಹೊಸದಾಗಿ ಗೊತ್ತಾಯಿತು. ಹೈಕೋರ್ಟಿಗೆ ಹೋದರು, ಅಲ್ಲಿ ವಜಾ. ಸುಪ್ರೀಂ ಕೋರ್ಟಿಗೆ ಹೋದರು, ಅಲ್ಲೂ ವಜಾ. 2017ರಲ್ಲಿ ನಿಸಾರ್ ಅಹಮದ್ ಉದ್ಘಾಟಿಸಿದ್ದರಲ್ಲ ಅಂತ ಯಾರೋ ನೆನಪಿಸಿದರೆ ಅದಕ್ಕೂ ಉತ್ತರ ರೆಡಿ ಇತ್ತು. ಅದು ಬೇರೆ, ಇದು ಬೇರೆ. ಹೇಗೆ ಬೇರೆ ಅಂತ ಕೇಳಿದವನಿಗೆ ಪಾಕಿಸ್ತಾನದ ಟಿಕೆಟ್. ಇಷ್ಟು ವರ್ಷದಲ್ಲಿ ಇವರು ಹಂಚಿದ ಟಿಕೆಟ್ ನಿಜವಾಗಿಯೂ ಬುಕ್ ಆಗಿದ್ದರೆ ಅಟ್ಟಾರಿ ಗಡಿಯಲ್ಲಿ ಇನ್ನೂ ಎರಡು ಗೇಟ್ ಬೇಕಾಗುತ್ತಿತ್ತು.

ಈ ಹುಡುಗರು ಇದನ್ನೆಲ್ಲ ಎಲ್ಲಿ ಕಲಿತರು ಅಂತ ಟಿವಿಯಲ್ಲಿ ತಜ್ಞರು ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕೇನು ತಜ್ಞರು ಬೇಕಾ? 2023ರ ಏಪ್ರಿಲ್ ತೆಗೆದು ನೋಡಿ, ವಿಧಾನಸಭೆ ಚುನಾವಣೆ ಹೊತ್ತು. ಮಲ್ಲಿಕಾರ್ಜುನ ಖರ್ಗೆ ಪ್ರಧಾನಿಯನ್ನು ವಿಷಸರ್ಪಕ್ಕೆ ಹೋಲಿಸಿದರು. ಆಮೇಲೆ, ನಾನು ಹೇಳಿದ್ದು ವ್ಯಕ್ತಿಗಲ್ಲ, ಸಿದ್ಧಾಂತಕ್ಕೆ ಅಂದರು. ಹಾವು ಬಂದ ಮೇಲೆ ಎದುರು ಪಾಳಯ ಖಾಲಿ ಕೂರುತ್ತದಾ? ಬಸನಗೌಡ ಪಾಟೀಲ ಯತ್ನಾಳ್ ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಅಂದರು. ಅಷ್ಟಕ್ಕೇ ನಿಲ್ಲಲಿಲ್ಲ, ಮಲ್ಲಿಕಾರ್ಜುನ ಖರ್ಗೆಯವರ ಮಗ ಪ್ರಿಯಾಂಕ್ ಪ್ರಧಾನಿಯನ್ನು "ನಾಲಾಯಕ್ ಮಗ" ಅಂದರು. ಒಂದೇ ವಾರದಲ್ಲಿ ಇಷ್ಟೂ ಆಯಿತು. ಚುನಾವಣಾ ಆಯೋಗ ಯತ್ನಾಳ್‌ಗೂ ಪ್ರಿಯಾಂಕ್‌ಗೂ ನೋಟಿಸ್ ಕೊಟ್ಟಿತು. ನೋಟಿಸ್ ಕೊಟ್ಟ ಮೇಲೆ? ಏನಿಲ್ಲ. ಇಬ್ಬರೂ ಗೆದ್ದರು. ಒಬ್ಬರು ಮಂತ್ರಿಯಾದರು.

2024ರ ಮೇ ತಿಂಗಳದ್ದು ಇನ್ನೂ ಚೆನ್ನಾಗಿದೆ. ರಾಜ್ಯ ಬಿಜೆಪಿಯ ಅಧಿಕೃತ ಖಾತೆಯಿಂದಲೇ ಒಂದು ಕಾರ್ಟೂನ್ ವಿಡಿಯೊ. ಗೂಡು, ಗೂಡಿನಲ್ಲಿ ಮೊಟ್ಟೆಗಳು, ಮೀಸಲಾತಿಯ ಮೊಟ್ಟೆಗಳ ಮಧ್ಯೆ ಮುಸ್ಲಿಂ ಅಂತ ಬರೆದ ಇನ್ನೊಂದು ಮೊಟ್ಟೆ. ಇದನ್ನು ತೆಗೆದುಹಾಕಿ ಅಂತ ಆಯೋಗ ಎಕ್ಸ್ ಕಂಪನಿಗೆ ಹೇಳಿದ್ದು ಮೇ 7ರಂದು. ಅಂದು ರಾಜ್ಯದ 14 ಕ್ಷೇತ್ರಗಳಲ್ಲಿ ಮತದಾನವೇ ನಡೆಯುತ್ತಿತ್ತು. ಊಟ ಮುಗಿದು ಎಲೆ ಎತ್ತುವಾಗ ಪಲ್ಯಕ್ಕೆ ಉಪ್ಪು ಜಾಸ್ತಿ ಆಯಿತು ಅಂದ ಹಾಗೆ.

ಇನ್ನು ಸದನದ ಕಥೆ. ಇದೇ ಮಸೂದೆ ಪಾಸಾದ ಸುವರ್ಣಸೌಧದಲ್ಲಿ, ಸರಿಸುಮಾರು ಒಂದು ವರ್ಷ ಮೊದಲು, 2024ರ ಡಿಸೆಂಬರ್ 19ರಂದು, ಮೇಲ್ಮನೆಯಲ್ಲಿ ಸಿ.ಟಿ. ರವಿ ತಮ್ಮನ್ನು ಅಶ್ಲೀಲ ಪದದಿಂದ ನಿಂದಿಸಿದರು ಅಂತ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಆರೋಪಿಸಿದರು. ನಾನು ಹಾಗೆ ಅನ್ನಲೇ ಇಲ್ಲ ಅಂತ ರವಿ. ಪೊಲೀಸರು ಸುವರ್ಣಸೌಧದಿಂದಲೇ ಅವರನ್ನು ಎತ್ತಿಕೊಂಡು ಹೋಗಿ ರಾತ್ರಿಯಿಡೀ ಊರೂರು ಸುತ್ತಿಸಿದರು. ಮರುದಿನ ಹೈಕೋರ್ಟ್ ಬಿಡಿಸಿತು. ಆ ಮಾತು ಆಡಿದ್ದಾರೋ ಇಲ್ಲವೋ ಅನ್ನುವುದನ್ನು ಕೋರ್ಟ್ ನೋಡಿಕೊಳ್ಳಲಿ. ನನಗೆ ತಮಾಷೆ ಅನ್ನಿಸಿದ್ದು ಬೇರೆ. ಆ ವಾರ ಪೂರ್ತಿ, ಅಶ್ಲೀಲ ಪದ ಬಳಸಿದ್ದನ್ನು ಖಂಡಿಸಿದವರೂ, ಬಳಸಿಲ್ಲ ಅಂತ ವಾದಿಸಿದವರೂ ಫೇಸ್‌ಬುಕ್ಕಿನಲ್ಲಿ ಪರಸ್ಪರ ಅದೇ ಪದ ಬಳಸಿಕೊಂಡು ಜಗಳವಾಡಿದರು.

ಮಸೂದೆಯಲ್ಲಿ ಒಂದು ವಿನಾಯಿತಿಯೂ ಇದೆ. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆ, ಧಾರ್ಮಿಕ ಉದ್ದೇಶ, ಇವುಗಳಿಗಾಗಿ ಬರೆದದ್ದಾದರೆ ತೊಂದರೆ ಇಲ್ಲ. ನಮ್ಮವರಿಗೆ ಇಷ್ಟು ಬಾಗಿಲು ಸಾಕು. ಇನ್ನು ಮುಂದೆ ಬೈಗುಳಗಳು ಚುಟುಕು ರೂಪದಲ್ಲಿ ಬರುತ್ತವೆ ನೋಡಿ, ಕೊನೆಗೆ ಪ್ರಾಸ ಇರುತ್ತದೆ, ಕೆಳಗೆ "ಕವನ ಸಂಕಲನದಿಂದ" ಅಂತ ಒಂದು ಸಾಲು. ಈಗಲೇ ಕೆಲವರ ಕಾಮೆಂಟಿನಲ್ಲಿ ಅನುಪ್ರಾಸ ಚೆನ್ನಾಗಿ ಬೀಳುತ್ತದೆ. ಜಿಲ್ಲಾ ಸಾಹಿತ್ಯ ಸಮ್ಮೇಳನದಲ್ಲಿ ಇವರಿಗೊಂದು ಗೋಷ್ಠಿ ಇಟ್ಟರೆ ಸಭಾಂಗಣವಾದರೂ ತುಂಬುತ್ತದೆ.

ನಗುತ್ತಾ ಬರೆದೆ, ಆದರೆ ಒಂದು ವಿಷಯದಲ್ಲಿ ನಗು ಬರುವುದಿಲ್ಲ. ಸಾವಿನ ಸುದ್ದಿಯ ಕೆಳಗೆ ನಗುವ ಮುಖ ಒತ್ತುತ್ತಾರಲ್ಲ, ಅದು. 2014ರ ಆಗಸ್ಟ್‌ನಲ್ಲಿ ಅನಂತಮೂರ್ತಿ ತೀರಿಕೊಂಡಾಗ ಪಟಾಕಿ ಹೊಡೆದರು. ಆಗ ಬೀದಿಗೆ ಇಳಿಯಬೇಕಿತ್ತು, ಪಟಾಕಿಗೆ ಕೈಯಿಂದ ದುಡ್ಡು ಹಾಕಬೇಕಿತ್ತು, ಅಕ್ಕಪಕ್ಕದವರು ಮುಖ ನೋಡುತ್ತಿದ್ದರು. ಮರುವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದ ದಿನ, ಒಬ್ಬ ಟ್ವೀಟ್ ಮಾಡಿ ಸಂಭ್ರಮಿಸಿ ಮುಂದಿನ ಸರದಿ ಯಾರದ್ದು ಅಂತಲೂ ಬರೆದ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಹೆಣ ಇನ್ನೂ ಮನೆ ಮುಂದೆ ಇರುವಾಗಲೇ ಶುರುವಾಗಿತ್ತು ಹಬ್ಬ. ಈ ಕಡೆಯವರೂ ಕೈ ಕಟ್ಟಿ ಕೂರಲಿಲ್ಲ. ಆ ಪಕ್ಷದವರು ಯಾರಾದರೂ ಆಸ್ಪತ್ರೆ ಸೇರಿದರೆ ಸಾಕು, "ಕರ್ಮ ಬಿಡುವುದಿಲ್ಲ" ಅಂತ ಬರೆಯುವ ಪ್ರಗತಿಪರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸತ್ತವನ ಮಗಳು ಆ ಕಾಮೆಂಟ್ ಓದುತ್ತಾಳೆ. ಮೊಬೈಲ್ ಅವಳ ಕೈಯಲ್ಲೂ ಇದೆ. ಇಷ್ಟು ಗೊತ್ತಾಗಲು ಸಿದ್ಧಾಂತ ಬೇಕಾ, ಪಕ್ಷ ಬೇಕಾ? ಥೂ.

ಹೆಂಗಸರ ಪೋಸ್ಟಿನ ಕೆಳಗಿನದ್ದಂತೂ ಇಲ್ಲಿ ಬರೆಯಲಾಗುವುದಿಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ, ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಲಿ ಅಂತ ಬರೆದರು. ಅಷ್ಟೇ. ಚಿತ್ರದುರ್ಗದ ಆ ಹುಡುಗನ ಕೊಲೆಗೆ ಕಾರಣವೇ ಅವನು ಒಬ್ಬ ಹೆಣ್ಣುಮಗಳಿಗೆ ಕಳಿಸಿದ ಅಶ್ಲೀಲ ಮೆಸೇಜು ಅಂತ ಪೊಲೀಸರು ಹೇಳುತ್ತಾರೆ. ಅಂಥ ಮೆಸೇಜು ಕಳಿಸಿದರೆ ಸುಮ್ಮನೆ ಬಿಡಬೇಕಿತ್ತಾ ಅಂತ ಒಂದು ವರ್ಷ ವಾದಿಸಿದ, ಆ ಕೊಲೆಯ ಆರೋಪಿ ನಟ ದರ್ಶನ್ ಅವರ ಅಭಿಮಾನಿಗಳಲ್ಲೇ ಕೆಲವರು ಈಗ ರಮ್ಯಾಗೆ ಅದಕ್ಕಿಂತ ಕೊಳಕು ಮೆಸೇಜು ಕಳಿಸಿದರು. ಅತ್ಯಾಚಾರದ ಬೆದರಿಕೆಯೂ ಇತ್ತು. ಅವರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟದ್ದು 43 ಖಾತೆಗಳ ಮೇಲೆ. ಅವರು ಮಾಜಿ ಸಂಸದೆ, ಒಂದು ರಾಷ್ಟ್ರೀಯ ಪಕ್ಷದ ಸೋಷಿಯಲ್ ಮೀಡಿಯಾ ವಿಭಾಗವನ್ನೇ ನಡೆಸಿದವರು, ಹಾಗಾಗಿ ಕಮಿಷನರ್ ಕಚೇರಿಯವರೆಗೂ ಹೋದರು. ನಮ್ಮೂರ ಅಂಗನವಾಡಿ ಟೀಚರಿಗೆ ಹಾಗೆ ಬರೆದಿದ್ದರೆ ಮನೆಯವರು ಮೊದಲು ಮಾಡುವ ಕೆಲಸ ಅವಳ ಫೋನ್ ಕಿತ್ತುಕೊಳ್ಳುವುದು.

ಈ ಜಗಳದಲ್ಲಿ ದುಡ್ಡು ಮಾಡಿದವರ ಮೇಲೆ ಮಾತ್ರ ಯಾರೂ ಕಾಮೆಂಟ್ ಹಾಕುವುದಿಲ್ಲ. ಫೇಸ್‌ಬುಕ್ 2017ರಿಂದ ಒಂದು ಲೆಕ್ಕ ಇಟ್ಟುಕೊಂಡಿತ್ತು. ಲೈಕಿಗೆ ಒಂದು ಅಂಕ, ಕೋಪದ ಮುಖದಂಥ ಚಿಹ್ನೆಗಳಿಗೆ ಐದು. ಜಾಸ್ತಿ ಅಂಕ ಬಂದ ಪೋಸ್ಟ್ ಜಾಸ್ತಿ ಜನಕ್ಕೆ. ಕೋಪದ ಮುಖ ಬಂದ ಪೋಸ್ಟುಗಳಲ್ಲೇ ಸುಳ್ಳು, ವಿಷ ಜಾಸ್ತಿ ಅಂತ ಅವರದೇ ನೌಕರರು ಹೇಳಿದರು. ಅದನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಇದೆಲ್ಲ ನಮಗೆ ಗೊತ್ತಾಗಿದ್ದು 2021ರಲ್ಲಿ, ಕಂಪನಿಯ ಒಳಗಿನ ಕಾಗದಗಳು ಹೊರಬಿದ್ದ ಮೇಲೆ. ಅಷ್ಟರಲ್ಲಿ ಒಂದು ಲೋಕಸಭಾ ಚುನಾವಣೆ, ಒಂದು ವಿಧಾನಸಭಾ ಚುನಾವಣೆ, ಲೆಕ್ಕವಿಲ್ಲದಷ್ಟು ಮನೆಮುರುಕ ವಾಟ್ಸಾಪ್ ಗ್ರೂಪು ಮುಗಿದಿದ್ದವು. ನಮ್ಮ ಅಣ್ಣತಮ್ಮಂದಿರ ಜಗಳಕ್ಕೆ ಅಮೆರಿಕದಲ್ಲಿ ಕೂತು ಐದೈದು ಅಂಕ ಹಾಕುತ್ತಿದ್ದರು, ಗೊತ್ತಾ. ಈಗ ಎಕ್ಸ್‌ನಲ್ಲಿ ಇನ್ನೂ ನೇರ, ಬೇಕಾದಷ್ಟು ಜನ ನೋಡಿದರೆ ಬರೆದವನಿಗೇ ದುಡ್ಡು. ನಮ್ಮ ಯೂಟ್ಯೂಬ್ ಮಹಾಶಯರು ಥಂಬ್‌ನೇಲಿನಲ್ಲಿ ಬೆಂಕಿಯ ಚಿತ್ರ ಸುಮ್ನೆ ಹಾಕುತ್ತಾರೆ ಅಂದುಕೊಂಡಿರಾ?

ಕಾನೂನು ಇಲ್ಲದೆ ಇಷ್ಟು ದಿನ ಹೀಗಾಯಿತು ಅನ್ನುವವರಿಗೆ ಒಂದು ಮಾತು. ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದರೆ 3 ವರ್ಷ ಅಂತ ಹಳೆಯ ಐಪಿಸಿಯಲ್ಲಿ 153ಎ ಇತ್ತು, ಈಗ ನ್ಯಾಯ ಸಂಹಿತೆಯಲ್ಲಿ 196 ಇದೆ. ಅದಲ್ಲದೆ ಆನ್‌ಲೈನಿನಲ್ಲಿ ಮನ ನೋಯಿಸುವಂಥದ್ದು ಬರೆದರೆ ಜೈಲು ಅನ್ನುವ ಐಟಿ ಕಾಯ್ದೆಯ 66ಎ ಬೇರೆ ಇತ್ತು. ಅದನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿತು. ಆದರೂ ಎಷ್ಟೋ ಠಾಣೆಗಳಲ್ಲಿ ಆಮೇಲೂ ಅದರಡಿ ಕೇಸು ಹಾಕುತ್ತಲೇ ಇದ್ದರು. 2021ರಲ್ಲಿ ಕೋರ್ಟಿಗೇ ಆಶ್ಚರ್ಯವಾಯಿತು. ಸತ್ತ ಕಾನೂನಿಗೂ ಕೆಲಸ ಕೊಡುವ ವ್ಯವಸ್ಥೆ ನಮ್ಮದು. ಬದುಕಿರುವ ಕಾನೂನಿಗೆ ನಾಯಕರ ಮನೆ ಅಡ್ರೆಸ್ ಸಿಗುವುದಿಲ್ಲ, ಅಷ್ಟೇ. ಹೊಸ ಕಾನೂನಿನಲ್ಲಿ ಮೊದಲು ಒಳಗೆ ಹೋಗುವವನು ಯಾರು ಅಂತ ನಾನು ಬರೆದುಕೊಡುತ್ತೇನೆ. ಡಿಪ್ಲೊಮಾ ಮುಗಿಸಿ ಕೆಲಸ ಸಿಗದ ಹುಡುಗ, ನಾಯಕರ ಭಾಷಣದ ಒಂದು ಸಾಲನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡವನು. ಸರ್ಕಾರ ಬದಲಾದರೆ ಆ ಕಡೆಯ ಹುಡುಗ ಹೊರಗೆ, ಈ ಕಡೆಯ ಹುಡುಗ ಒಳಗೆ. ಭಾಷಣ ಮಾಡಿದವರಿಗೆ ಹೈಕೋರ್ಟಿನ ತಡೆಯಾಜ್ಞೆ ಇರುತ್ತದೆ.

ನನಗೆ ಪಾಪ ಅನ್ನಿಸುವುದು ಸೆನ್ ಠಾಣೆಯ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆಯ ಕಾನ್ಸ್‌ಟೇಬಲ್ ಬಗ್ಗೆ. ಆನ್‌ಲೈನ್ ಮೋಸ, ಗಾಂಜಾ, ಡಿಜಿಟಲ್ ಅರೆಸ್ಟ್ ಅಂತ ದುಡ್ಡು ಕಳಕೊಂಡ ರಿಟೈರ್ಡ್ ಮೇಷ್ಟ್ರು, ಇವರೆಲ್ಲರ ಜೊತೆಗೆ ಈಗ ಕಾಮೆಂಟ್ ಬಾಕ್ಸೂ ಅವನ ತಲೆಗೆ. ದೂರಿನಲ್ಲಿ ಬೈದ ಮಾತನ್ನು ಇದ್ದ ಹಾಗೇ ಬರೆಯಬೇಕು. ಪಕ್ಕದಲ್ಲಿ ಮಹಿಳಾ ಸಿಬ್ಬಂದಿ ಕೂತಿದ್ದಾರೆ, ಅವನು ಅಕ್ಷರ ಅಕ್ಷರ ಟೈಪ್ ಮಾಡುತ್ತಾನೆ, ಇಲಾಖೆಯ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಸರಿಯಾಗಿ ಬೀಳುವುದಿಲ್ಲ. ಸಾಹೇಬರು ನೋಡಿ "ಏನ್ರೀ ಇದು, ಅಸಹ್ಯ, ಚುಕ್ಕಿ ಇಡ್ರೀ" ಅನ್ನುತ್ತಾರೆ. ಅವನು ಚುಕ್ಕಿ ಇಡುತ್ತಾನೆ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಎದ್ದು ನಿಂತು, "ಸ್ವಾಮಿ, ನನ್ನ ಕಕ್ಷಿದಾರ ಬರೆದಿರುವುದು ಬರೀ ಆರು ಚುಕ್ಕಿ" ಅನ್ನುತ್ತಾರೆ.