ಕುಂಬಳಕಾಯಿ ಮಾತ್ರ ನಮ್ಮದು

ಆಯುಧ ಪೂಜೆ ದಿನ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಭಾವ ಒಂದು ಮೆಸೇಜ್ ಹಾಕಿದ್ದರು. ವಿದೇಶಿ ಸಾಮಾನು ಬಿಡಿ, ಸ್ವದೇಶಿ ಕೊಳ್ಳಿ, ಹತ್ತು ಜನಕ್ಕೆ ಕಳಿಸಿ. ಅದು ಬಂದಾಗ ನಾನು ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ) ಮೆಷಿನ್‌ಗೆ ಕುಂಕುಮ ಹಚ್ಚುತ್ತಿದ್ದೆ. ಮೆಷಿನ್ನಿನ ಮೈ ಇಲ್ಲೇ ಎರಕ ಹೊಯ್ದದ್ದು. ಕಂಟ್ರೋಲರ್ ಹೊರಗಿನದು. ಸರ್ವೋ ಮೋಟರ್ ಹೊರಗಿನದು. ಸ್ಪಿಂಡಲ್ ಬೇರಿಂಗೂ ಹೊರಗಿನದೇ. ಬಾಳೆಕಂದು, ನಿಂಬೆಹಣ್ಣು, ಬಾಗಿಲಲ್ಲಿ ಒಡೆದ ಬೂದುಗುಂಬಳ ಮಾತ್ರ ಪೂರ್ತಿ ನಮ್ಮದು.

ಹಬ್ಬದ ದಿನ ಯಾಕೆ ಅಂತ ಭಾವನಿಗೆ ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹಬ್ಬ ಕಳೆದು ಎರಡು ವಾರಕ್ಕೆ ಅದೇ ಮೆಷಿನ್ ನಿಂತುಬಿಟ್ಟಿತು. ಸ್ಕ್ರೀನ್ ಮೇಲೆ ಕೆಂಪು ಅಲಾರಂ. ಸರ್ವಿಸ್‌ನವರು ಬಂದು ಲ್ಯಾಪ್‌ಟಾಪ್ ಸಿಕ್ಕಿಸಿ, ಕಂಟ್ರೋಲರಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಹೊರದೇಶದಿಂದ ಬರಬೇಕು, ಆರು ವಾರ ಅಂದರು. ಆರು ವಾರ ಒಂದು ಮೆಷಿನ್ ನಿಂತರೆ ನನ್ನಂಥ ಜಾಬ್ ವರ್ಕ್ ಮಾಡುವವನ ಕಥೆ ಏನು ಅಂತ ಬ್ಯಾಂಕ್ ಕಂತು ಕಟ್ಟುವವರಿಗೆ ಹೇಳಬೇಕಿಲ್ಲ.

ಬೋರ್ಡನ್ನು ಬಿಚ್ಚಿಸಿಕೊಂಡು, ಎಲೆಕ್ಟ್ರಾನಿಕ್ ಅಂಗಡಿಗಳ ಸಾಲಿರುವ ಎಸ್‌ಪಿ ರೋಡಿಗೆ ಹೋದೆ. ಅಲ್ಲಿ ನನಗೆ ಗೊತ್ತಿರುವ ಒಬ್ಬ ರಿಪೇರಿಯವರಿದ್ದಾರೆ. ಅಂಗಡಿ ನಮ್ಮ ಮನೆಯ ಬಚ್ಚಲಷ್ಟು ಅಗಲ. ಅವರು ಬೋರ್ಡಿನ ಧೂಳು ಊದಿದರು, ಭೂತಗನ್ನಡಿ ಹಿಡಿದು ಸುಮಾರು ಹೊತ್ತು ನೋಡಿದರು, ಆಮೇಲೆ ನನ್ನನ್ನೂ ಕರೆದು ತೋರಿಸಿದರು. ಒಂದು ಐಸಿ (ಚಿಪ್) ಸುಟ್ಟಿತ್ತು. ಅದರ ತಲೆ ಮೇಲೆ ನಂಬರ್ ಇರಬೇಕಾದ ಜಾಗದಲ್ಲಿ ಬರೀ ಗೀರುಗಳು.

'ಕೆರೆದುಬಿಟ್ಟಿದ್ದಾರೆ ಸಾರ್. ನಂಬರ್ ಸಿಕ್ಕಿದ್ರೆ ನಾವು ಬೇರೆ ತಂದು ಹಾಕ್ಬಿಡ್ತೀವಲ್ಲ, ಅದಕ್ಕೇ.'

ಭಾವನ ಮೆಸೇಜಿಗೆ ನನ್ನ ತಕರಾರು ಇಲ್ಲೇ ಶುರುವಾಗುವುದು. ಸಾಮಾನು ಎಲ್ಲಿ ತಯಾರಾಯಿತು ಅನ್ನುವುದು ನನಗೆ ಅಷ್ಟು ದೊಡ್ಡ ವಿಷಯ ಅಲ್ಲ. ಕೆಟ್ಟಾಗ ಅದನ್ನು ಬಿಚ್ಚಿ ಸರಿಮಾಡುವವರು ನಮ್ಮಲ್ಲಿ ಇದ್ದಾರಾ, ಅವರಿಗೆ ಬಿಚ್ಚಲು ಬಿಡುತ್ತಾರಾ, ಅದು ಬೇಕು ನನಗೆ. ಡಬ್ಬದ ಮೇಲೆ ತ್ರಿವರ್ಣದ ಸ್ಟಿಕ್ಕರ್ ಅಂಟಿಸಿ ಒಳಗೆ ಕೆರೆದ ಐಸಿ ಇಟ್ಟರೆ ಅದು ಯಾವ ಸೀಮೆ ಸ್ವದೇಶಿ?

ಶೆಡ್ಡಿನ ಮೂಲೆಯಲ್ಲಿ ಒಂದು ಹಳೇ ಎಚ್‌ಎಂಟಿ ಲೇತ್ ಇದೆ. ಅಪ್ಪ ಜಾಲಹಳ್ಳಿ ಎಚ್‌ಎಂಟಿಯಲ್ಲಿ ಕೆಲಸ ಮಾಡಿದವರು. ಆ ಲೇತಿನ ಗೇರ್ ಹಲ್ಲು ಮುರಿದರೆ ಪಕ್ಕದ ರಸ್ತೆಯಲ್ಲೇ ಕತ್ತರಿಸಿ ಕೊಡುತ್ತಾರೆ. ಅಪ್ಪನ ಹತ್ತಿರ ಸ್ವದೇಶಿ ಹೆಮ್ಮೆ ಮಾತಾಡಿದರೆ ಅವರು ನಗುತ್ತಾರೆ. 1953ರಲ್ಲಿ ಎಚ್‌ಎಂಟಿ ಶುರುವಾದಾಗ ವಿದ್ಯೆ ಬಂದದ್ದು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯಿಂದ. 1961ರಲ್ಲಿ ವಾಚು ಶುರುಮಾಡಿದ್ದು ಜಪಾನಿನ ಸಿಟಿಜನ್ ಜೊತೆ. ಹೊರಗಿನವರಿಂದಲೇ ಕಲಿತರು, ಆದರೆ ಕಲಿತರು. ಕಷ್ಟ ಬಂದದ್ದು ಕಲಿತದ್ದು ಸಾಕು ಅಂತ ಕೂತ ಮೇಲೆ. ಇದನ್ನು ನಾನು ಹೇಳಿದರೆ ಅಪ್ಪ ಒಪ್ಪುವುದಿಲ್ಲ. ತಪ್ಪೆಲ್ಲ ದೆಹಲಿಯದು ಅಂತಾರೆ. ಆ ಜಗಳ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ನಡೆದಿದೆ.

ಹೊರಗಿನ ಸಾಮಾನಿಗೆ ದೇಶ ಬಾಗಿಲು ಹಾಕಿಕೊಂಡು ಕೂತ ಕಾಲವೂ ಚೆನ್ನಾಗೇನೂ ಇರಲಿಲ್ಲ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದೆವು. ಅದು ವಾಪಸ್ ಬರಲಿ ಅನ್ನುವವರು ಆ ಕ್ಯೂನಲ್ಲಿ ನಿಂತವರಲ್ಲ.

ಕಾಯುವುದೇನು ಈಗಲೂ ತಪ್ಪಿಲ್ಲ ಬಿಡಿ. ನನ್ನ ತಂಗಿ ಇರುವುದು ಬೊಮ್ಮಸಂದ್ರದಲ್ಲಿ. ಆರ್‌ವಿ ರಸ್ತೆಯಿಂದ ಅಲ್ಲಿಗೆ ಮೆಟ್ರೋ ಹಳದಿ ಮಾರ್ಗದ ಹಳಿ ಸಿದ್ಧವಾಗಿತ್ತು, ರೈಲು ಇರಲಿಲ್ಲ. ಬೋಗಿಗಳ ಗುತ್ತಿಗೆ 2019ರಲ್ಲಿ ಹೋದದ್ದು ಚೀನಾದ ರೈಲು ಕಂಪನಿ ಸಿಆರ್‌ಆರ್‌ಸಿಗೆ. ಆಮೇಲೆ ಗಡಿಯಲ್ಲಿ ಗಲಾಟೆ, ಹೂಡಿಕೆಗೆ ಹೊಸ ನಿಯಮ, ಅಲ್ಲಿನ ಎಂಜಿನಿಯರುಗಳಿಗೆ ವೀಸಾ ತಡ. ಕೊನೆಗೆ ಬಂಗಾಳದ ಟೀಟಾಗಢ ಕಂಪನಿ ಬೋಗಿ ಕಟ್ಟಿಕೊಟ್ಟು 2025ರ ಆಗಸ್ಟಿನಲ್ಲಿ ಶುರುವಾದಾಗ ಇದ್ದದ್ದು ಮೂರೇ ರೈಲು. ಅಲ್ಲಿಯವರೆಗೆ ತಂಗಿ ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ತಲೆ ಮೇಲಿನ ಖಾಲಿ ಹಳಿ ನೋಡುತ್ತಿದ್ದಳು.

ಅದೇ ವರ್ಷ ಏಪ್ರಿಲ್‌ನಲ್ಲಿ ಚೀನಾ ವಿರಳ ಭಸ್ಮ (ರೇರ್ ಅರ್ಥ್) ಲೋಹಗಳ ಅಯಸ್ಕಾಂತಕ್ಕೂ ಬಿಗಿ ಹಿಡಿಯಿತು. ನಾವು ಎಲೆಕ್ಟ್ರಿಕ್ ಸ್ಕೂಟರ್ ಮೋಟರಿಗೆ ಶಾಫ್ಟ್ ಮಾಡಿಕೊಡುತ್ತೇವೆ. ಆ ಅಯಸ್ಕಾಂತ ಬೇಕಾಗುವುದು ಮೋಟರಿಗೆ, ನಮ್ಮ ಶಾಫ್ಟಿನಲ್ಲಿ ಅದು ಒಂದು ಚೂರೂ ಇಲ್ಲ. ಆದರೂ ನಮ್ಮ ಆರ್ಡರ್ ಎರಡು ತಿಂಗಳು ಸೊರಗಿತು.

ಇನ್ನು ನಮ್ಮದೇ ಯುದ್ಧ ವಿಮಾನ ತೇಜಸ್. ಎಚ್‌ಎಎಲ್ ಕಡೆ ಮನೆ ಇರುವವರಿಗೆ ಅದರ ಸದ್ದು ಗೊತ್ತು. 1998ರ ಮೇನಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದಾಗ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ಅದರ ಹಾರಾಟ ನಿಯಂತ್ರಣದ ಕೆಲಸ ಮಾಡುತ್ತಿದ್ದರು. ನಿರ್ಬಂಧ ಬಂತು, ಅವರನ್ನು ವಾಪಸ್ ಕಳಿಸಿದರು, ಸಾಮಾನು ಅಲ್ಲೇ ಉಳಿಯಿತು. ಇಲ್ಲಿ ಕೂತು ಅವರೇ ಅದನ್ನು ಮುಗಿಸಿದರು. 2001ರ ಜನವರಿ 4ಕ್ಕೆ ವಿಮಾನ ಬೆಂಗಳೂರಿನ ಆಕಾಶದಲ್ಲಿತ್ತು. ಈ ಕಥೆಯನ್ನು ಎಲ್ಲರೂ ಎದೆ ಉಬ್ಬಿಸಿ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಎಂಜಿನ್ ಕಥೆ ಮಾತ್ರ ಯಾರಿಗೂ ಬೇಡ. ಸಿ.ವಿ. ರಾಮನ್ ನಗರದಲ್ಲಿರುವ ಜೆಟ್ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ 1989ರಿಂದ ಕಾವೇರಿ ಎಂಜಿನ್ ಹಿಂದೆ ಬಿದ್ದಿದೆ. ಬೇಕಾದಷ್ಟು ತಳ್ಳುಬಲ ಬರಲಿಲ್ಲ, ತೇಜಸ್‌ಗೆ ಅದು ಕೂರಲಿಲ್ಲ. ಹಾರುತ್ತಿರುವುದು ಅಮೆರಿಕದ ಜಿಇ ಎಂಜಿನ್ನಿನಲ್ಲಿ. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಕೊಟ್ಟರು, ಮೊದಲನೆಯದು ಕೈಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ನನ್ನ ಬೋರ್ಡಿನ ಆರು ವಾರ ಏನು ಮಹಾ?

ಕಾವೇರಿ ಅಂದರೆ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಎಂಜಿನ್ನಿನ ಒಳಗೆ ಬೆಂಕಿಯಂಥ ಬಿಸಿಯಲ್ಲಿ ಸುತ್ತುವ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುವುದು ತಮಾಷೆ ಅಲ್ಲ. ಜಗತ್ತಿನಲ್ಲಿ ನಾಲ್ಕೈದು ದೇಶಕ್ಕೆ ಚೆನ್ನಾಗಿ ಬರುವ ವಿದ್ಯೆ ಅದು, ದುಡ್ಡು ಕೊಟ್ಟರೂ ಸುಲಭಕ್ಕೆ ಕಲಿಸುವುದಿಲ್ಲ. ಸುಟ್ಟು, ಒಡೆದು, ಮತ್ತೆ ಮಾಡಿ ಕಲಿಯಬೇಕು. ಹಾಗೆ ಸುಡುವುದಕ್ಕೆ ದುಡ್ಡು ಕೊಡುವವರು ಯಾರು? ಎರಡು ವರ್ಷಕ್ಕೊಮ್ಮೆ ಏರ್ ಶೋದಲ್ಲಿ ಚಪ್ಪಾಳೆ ತಟ್ಟಿ, ಮಾರನೇ ದಿನ ಟೆಸ್ಟ್ ಫೇಲ್ ಆಯ್ತಂತೆ ಅಂತ ಗೇಲಿ ಮಾಡುವವರೂ ನಾವೇ ಅಲ್ವಾ?

ಭಾವ ಇದನ್ನು ಓದುತ್ತಾರೆ ಅಂತ ಗೊತ್ತು. ಭಾವ, ನಿಮ್ಮ ಮೆಸೇಜ್ ನಾನು ಹತ್ತು ಜನಕ್ಕೆ ಕಳಿಸಲಿಲ್ಲ. ಬದಲಿಗೆ ಇನ್ನೊಂದು ಮಾಡಿದೆ. ಹೊಸ ಬೋರ್ಡ್ ಬಂದು ಮೆಷಿನ್ ಓಡಿದ ಮೇಲೆ ಹಳೆಯದನ್ನು ಗುಜರಿಗೆ ಹಾಕಲಿಲ್ಲ. ನಮ್ಮಲ್ಲಿ ರಾಣೆಬೆನ್ನೂರಿನ ಹುಡುಗ ಒಬ್ಬ ಇದ್ದಾನೆ, ಡಿಪ್ಲೊಮಾ ಓದಿದವನು. ಶನಿವಾರ ಮಧ್ಯಾಹ್ನ ಅವನಿಗೆ ಮೆಷಿನ್ ಕೆಲಸ ಇಲ್ಲ. ಎಸ್‌ಪಿ ರೋಡಿನ ಅಂಗಡಿಗೆ ಹೋಗಿ ಅವರ ಪಕ್ಕ ಕೂತು ಆ ಬೋರ್ಡಿನ ಗೆರೆಗಳನ್ನು ಒಂದೊಂದಾಗಿ ಹಾಳೆ ಮೇಲೆ ಬರೆಯುತ್ತಾನೆ. ಸಂಬಳ ಕಡಿತ ಇಲ್ಲ, ಟೀ ಖರ್ಚು ನನ್ನದು.

ಕಳೆದ ವಾರ ಕರೆಂಟ್ ಕೊಟ್ಟು ನೋಡುತ್ತೇನೆ ಅಂತ ಹೋಗಿ ಎರಡು ಕೆಪಾಸಿಟರ್ ಹಾರಿಸಿದ್ದಾನೆ. ಅಂಗಡಿ ತುಂಬ ಹೊಗೆಯಂತೆ. ಬಿಲ್ ನನ್ನ ಹೆಸರಿಗೆ ಬಂದಿದೆ, ನಾಳೆ ಕಟ್ಟಬೇಕು.